ಎಲೆ ಅಡಿಕೆ ಇಟ್ಟು ಕರೆದ ಮೀಟಿಂಗು

ನಾನು ಕೆಲಸ ಮಾಡುವ ಕಂಪನಿ ಹೊಸಕೋಟೆಯಲ್ಲಿ ರಟ್ಟಿನ ಡಬ್ಬ ತಯಾರಿಸುತ್ತದೆ. ಮಾಲೀಕರು ಮೂವರು ಅಣ್ಣತಮ್ಮಂದಿರು. ಎಂಬಿಎ ಓದಿದ್ದೇನೆಂಬ ಕಾರಣಕ್ಕೆ ನನ್ನನ್ನು ಸ್ಟ್ರಾಟಜಿ ವಿಭಾಗಕ್ಕೆ ಹಾಕಿದರು. ಆ ವಿಭಾಗದಲ್ಲಿ ಇರುವವಳು ನಾನೊಬ್ಬಳೇ. ಕಂಪನಿ ಮುಂದೆ ಯಾವ ದಾರಿ ಹಿಡಿಯಬೇಕು ಎಂದು ಯೋಚಿಸುವುದು ನನ್ನ ಕೆಲಸ. ಯಾರಾದರೂ ಬಂದರೆ ಕಾಫಿ ತರಿಸುವುದೂ ನನ್ನದೇ ಕೆಲಸ.

ನನ್ನ ಯೋಚನೆ ಸಾಲದೆಂದು ತೋರಿತೋ ಏನೋ, ಎರಡನೆಯ ಮಾಲೀಕರು ಬೆಂಗಳೂರಿನಿಂದ ಒಬ್ಬ ಕನ್ಸಲ್ಟೆಂಟನ್ನು ಕರೆಸಿದರು. ಅವರು ಎಲ್ಲ ಕಡೆ ಸುತ್ತಿ, ಎಲ್ಲರನ್ನೂ ಮಾತಾಡಿಸಿ, ದಪ್ಪನೆಯ ವರದಿ ಕೊಟ್ಟರು. ಸಮೇತನಹಳ್ಳಿಯಲ್ಲಿರುವ ನಮ್ಮ ಸಣ್ಣ ಘಟಕವನ್ನು ಮುಚ್ಚಬೇಕು, ಅಲ್ಲಿ ಹೆಂಗಸರು ಕೈಯಲ್ಲಿ ಡಬ್ಬ ಅಂಟಿಸುವ ಕೆಲಸಕ್ಕೆ ಹೊಸಕೋಟೆಯಲ್ಲಿ ಒಂದು ಮೆಷೀನ್ ಹಾಕಬೇಕು ಎಂಬುದು ಅದರ ಸಾರ. ವರದಿಯನ್ನು ಟೈಪ್ ಮಾಡಿದ್ದು ನಾನು. ಆ ಹೆಂಗಸರಲ್ಲಿ ಒಬ್ಬಳು ನನ್ನ ಅಮ್ಮ. ನಾನು ಓದಿದ್ದೇ ಅವಳ ಆ ಸಂಬಳದಲ್ಲಿ.

ಘಟಕ ಮುಚ್ಚುವುದಕ್ಕೆ ಒಂದೇ ಒಂದು ಅಡ್ಡಿಯಿತ್ತು. ಏನು ಮಾಡಿದರೂ ಮೂವರೂ ಒಟ್ಟಿಗೆ ಕೂತು ಮಾಡಿ ಎಂದು ಅವರ ತಂದೆ ಸಾಯುವಾಗ ಮಾತು ತೆಗೆದುಕೊಂಡಿದ್ದರಂತೆ. ಪ್ರತಿ ಸೋಮವಾರಕ್ಕೂ ಮೀಟಿಂಗ್ ಇಟ್ಟೆವು. ಮೂವರಲ್ಲಿ ಹಿರಿಯರು ಒಂದಕ್ಕೂ ಬರಲಿಲ್ಲ. ಅವರೇನೂ ದೂರದಲ್ಲಿರಲಿಲ್ಲ. ಮೀಟಿಂಗ್ ರೂಮಿನ ಎದುರಿಗೇ ಅವರ ಕೋಣೆ. ಗಾಜಿನ ಬಾಗಿಲಿನ ಹಿಂದೆ ಕೂತು ಪೇಪರ್ ಓದುತ್ತಾ, ತಮ್ಮ ಖಾಲಿ ಕುರ್ಚಿಯನ್ನು ಆಗಾಗ ನೋಡುತ್ತಿದ್ದರು.

ಕನ್ಸಲ್ಟೆಂಟ್ ಬೋರ್ಡಿನ ಮೇಲೆ ಬಾಣಗಳನ್ನು ಎಳೆದು ಸಮಸ್ಯೆಯ ಬೇರು ಹುಡುಕುತ್ತಿದ್ದರು. ನನಗೆ ಒಳಗೊಳಗೇ ಖುಷಿ. ಮೀಟಿಂಗ್ ನಡೆಯದ ಪ್ರತಿ ಸೋಮವಾರ ಅಮ್ಮನ ಕೆಲಸಕ್ಕೆ ಇನ್ನೊಂದು ವಾರದ ಆಯಸ್ಸು. ಆದರೆ ಬೇರು ಹುಡುಕಿಕೊಂಡು ಬಾ ಎಂದು ಕೊನೆಗೆ ನನ್ನನ್ನೇ ಹಿರಿಯರ ಕೋಣೆಗೆ ಕಳಿಸಿದರು.

"ಮೀಟಿಂಗ್‌ಗೆ ಯಾಕೆ ಬರ್ತಿಲ್ಲ ಸಾರ್?" ಎಂದು ಕೇಳಿದೆ.

"ಯಾರು ಕರೆದವ್ರೆ?"

"ಮೇಲ್ ಕಳ್ಸಿದ್ವಲ್ಲ ಸಾರ್."

"ಫೋನು ಟಿಣ್ ಅಂತು. ಟಿಣ್ ಅಂದಿದ್ದಕ್ಕೆಲ್ಲ ಎದ್ದೋಗಕಾಯ್ತದೇನವ್ವಾ? ನಾನು ಹಿರೀಮಗ. ಮನೆತಾವ ಬಂದು ಎಲೆ ಅಡಿಕೆ ಇಟ್ಟು ಕರೀಲಿ, ಬರ್ತೀನಿ."

ಹೋಗಿ ಹಾಗೆಯೇ ಹೇಳಿದೆ. ಕನ್ಸಲ್ಟೆಂಟರಿಗೆ ಬೇರು ಸಿಕ್ಕ ಸಂತೋಷ. ಬೋರ್ಡಿನ ಮೇಲೆ 'ಎಂಗೇಜ್‌ಮೆಂಟ್ ಕೊರತೆ' ಎಂದು ಬರೆದು ಕೆಳಗೆ ಎರಡು ಗೆರೆ ಎಳೆದರು. ಎರಡನೆಯ ಮಾಲೀಕರು ನನ್ನ ಕಡೆ ತಿರುಗಿ, "ನೀನೇ ಹೋಗಮ್ಮ. ನಮ್ಮ ಕಡೆ ಹುಡುಗಿ, ಶಾಸ್ತ್ರ ಎಲ್ಲ ಗೊತ್ತಿರುತ್ತೆ," ಅಂದರು.

ಸಂಜೆ ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಅಳುತ್ತಾಳೆ, ಇಲ್ಲವೇ ಹೋಗಬೇಡ ಅನ್ನುತ್ತಾಳೆ ಅಂದುಕೊಂಡಿದ್ದೆ. ಅವಳು ಅಟ್ಟದ ಮೇಲಿನ ಹಿತ್ತಾಳೆ ತಟ್ಟೆ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕತೊಡಗಿದಳು.

"ಅಮ್ಮ, ಇದು ನಿನ್ನ ಕೆಲ್ಸ ತೆಗೆಯೋ ಮೀಟಿಂಗು."

"ಗೊತ್ತು ಕಣೆ. ಹಂಗಂತ ಕರೆಯೋಕೋಗೋಳು ಖಾಲಿ ಕೈಯಲ್ಲಿ ಹೋಯ್ತೀಯಾ? ಜಡೆ ಹಾಕ್ಕೊ."

ತಟ್ಟೆ ಫಳಫಳ ಹೊಳೆಯಿತು. ನನಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಹೇಳಲು ಬರುತ್ತಿರಲಿಲ್ಲ.

ಮರುದಿನ ಹಿರಿಯರ ಮನೆಗೆ ಹೋದೆ. ನಡುಮನೆಯಲ್ಲಿ ಮಾಲೀಕರ ತಾಯಿ ಕೂತಿದ್ದರು. ತುಂಬ ವಯಸ್ಸಾದ ಅಜ್ಜಿ. ತಟ್ಟೆ ಮುಂದೆ ಹಿಡಿದು, ಎಲೆ ಅಡಿಕೆ ಕೊಟ್ಟೆ. "ಸೋಮವಾರ ಹತ್ತೂವರೆಗೆ ಮೀಟಿಂಗ್ ಐತೆ ಅಜ್ಜಿ" ಅಂದೆ. ಅಷ್ಟಕ್ಕೆ ಬಾಯಿ ಮುಚ್ಚಬೇಕಿತ್ತು. ಆದರೆ ಕೈಯಲ್ಲಿ ತಟ್ಟೆ ಇದ್ದಾಗ ನಮ್ಮ ಕಡೆಯವರ ನಾಲಿಗೆ ತಾನಾಗಿಯೇ ಹೊರಳುತ್ತದೆ. "ಮನೆಮಂದಿಯೆಲ್ಲ ಬಂದು ನಿಂತು ನಡೆಸಿಕೊಡಬೇಕು" ಎಂದೂ ಅಂದುಬಿಟ್ಟೆ.

"ಹತ್ತೂವರೆಗೆ ಯಮಗಂಡ ಅಲ್ವೇನವ್ವ? ಒಂಬತ್ತೂವರೆಗೇ ಇಟ್ಕೊಳ್ಳಿ. ಎಲ್ರೂ ಬತ್ತೀವಿ," ಅಂದರು ಅಜ್ಜಿ.

ಒಂದು ಮನೆಗೆ ಹಾಗೆ ಕರೆದ ಮೇಲೆ ಉಳಿದಿಬ್ಬರ ಮನೆಗೂ ಹಾಗೆಯೇ ಕರೆಯಬೇಕು, ಇಲ್ಲದಿದ್ದರೆ ಸೊಸೆಯರಿಗೆ ಬೇಜಾರಾಗುತ್ತದೆ. ಕರೆದೆ.

ಸೋಮವಾರ ಒಂಬತ್ತಕ್ಕೇ ಗೇಟಿನ ಮುಂದೆ ಕಾರುಗಳ ಸಾಲು. ರೇಷ್ಮೆ ಸೀರೆ ಉಟ್ಟ ಮೂವರು ಸೊಸೆಯರು, ಅವರ ಮಕ್ಕಳು, ತವರಿನವರು. ಅನುಗೊಂಡನಹಳ್ಳಿಯಿಂದ ಒಂದು ಟೆಂಪೋ ತುಂಬ ಬೀಗರು. ಮೀಟಿಂಗ್ ರೂಮು ಸಾಲದೆ ಗೋಡೌನಿನಲ್ಲಿ ಡಬ್ಬಗಳ ಕಟ್ಟುಗಳ ಮೇಲೆಯೇ ಎಲ್ಲರನ್ನೂ ಕೂರಿಸಿ, ಗೋಡೆಗೆ ಪಂಚೆ ಕಟ್ಟಿ ಪ್ರೊಜೆಕ್ಟರಿಗೆ ಪರದೆ ಮಾಡಿದೆವು. ಊಟದ ವ್ಯವಸ್ಥೆ ಏನು ಎಂದು ಯಾರೋ ಕೇಳಿದರು. ಸ್ಟ್ರಾಟಜಿ ವಿಭಾಗ ಓಡಿಹೋಗಿ ಅಡಿಗೆ ಭಟ್ಟರಿಗೆ ಫೋನ್ ಮಾಡಿತು.

ಹಿರಿಯರು ಬಂದು ಮುಂದಿನ ಸಾಲಿನಲ್ಲಿ ಕೂತರು. ಕನ್ಸಲ್ಟೆಂಟ್ ಬೆವರು ಒರೆಸಿಕೊಂಡು ಶುರು ಮಾಡಿದರು. ನಮ್ಮ ಬಲ, ನಮ್ಮ ದೌರ್ಬಲ್ಯ, ಬಣ್ಣಬಣ್ಣದ ಕಂಬಗಳು. ಬೀಗರು ಗಂಭೀರವಾಗಿ ತಲೆಯಾಡಿಸಿದರು. ಅಜ್ಜಿ ನನ್ನನ್ನು ಹತ್ತಿರ ಕರೆದು, "ಹೆಣ್ಣು ಯಾವೂರಿಂದವ್ವ?" ಎಂದು ಕೇಳಿದರು.

"ಹೆಣ್ಣಿಲ್ಲ ಅಜ್ಜಿ. ವರದಿ ಓದ್ತಾವ್ರೆ."

"ಓದ್ಲಿ ಬಿಡು. ಹುಡುಗ ಲಕ್ಷಣವಾಗವ್ನೆ."

ಅಷ್ಟರಲ್ಲಿ ಪಂಚೆಯ ಮೇಲೆ ಕೆಂಪಕ್ಷರದಲ್ಲಿ ಬಂತು: ಸಮೇತನಹಳ್ಳಿ ಘಟಕವನ್ನು ಮುಚ್ಚುವುದು. ಕನ್ಸಲ್ಟೆಂಟ್ ಅದನ್ನು ಜೋರಾಗಿ ಓದಿಯೂ ಹೇಳಿದರು. ಮೂವರೂ ಕೂತಿದ್ದಾರೆ, ಹೂಂ ಅಂದರೆ ಮುಗಿಯಿತು.

ಅಜ್ಜಿ ಮಕ್ಕಳ ಕಡೆ ತಿರುಗಿದರು. "ಎಲೆ ಅಡಿಕೆ ಕೊಟ್ಟು ಕರೆದು, ಮುಚ್ಚೋ ಮಾತಾಡ್ತೀರೇನ್ರಪ್ಪಾ? ಬೀಗ್ರು ಬಂದವ್ರೆ."

ಹಿರಿಯರು ಎದ್ದು ನಿಂತರು. "ಅವ್ವ ಯೋಳೋದು ಸರಿ. ಶುಭಕ್ಕೆ ಕರೆದ ಮೇಲೆ ಅಶುಭ ಮಾತಾಡಂಗಿಲ್ಲ. ಅದಕ್ಕೆ ಬ್ಯಾರೆ ಮೀಟಿಂಗ್ ಮಡಗಿ."

"ಆ ಮೀಟಿಂಗ್‌ಗೆ ಬರ್ತೀರಾ ಸರ್?" ಎಂದರು ಕನ್ಸಲ್ಟೆಂಟ್.

"ಕರೆದ್ರೆ ಬರ್ತೀನಿ."

"ಹೇಗೆ ಕರೀಬೇಕು ಸರ್?"

"ಎಲೆ ಅಡಿಕೆ ಇಟ್ಟು."

ಕನ್ಸಲ್ಟೆಂಟ್ ಮೀಟಿಂಗ್ ರೂಮಿನಿಂದ ತರಿಸಿಟ್ಟಿದ್ದ ಬೋರ್ಡಿನ ಹತ್ತಿರ ಹೋಗಿ ಒಂದು ಬಾಣ ಎಳೆದರು. ಅದು ಸುತ್ತು ಹಾಕಿ ಹೊರಟಲ್ಲಿಗೇ ಬಂತು. ಇನ್ನೊಂದು ಎಳೆದರು, ಅದೂ ಅಲ್ಲಿಗೇ ಬಂತು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ ಊಟಕ್ಕೆ ಕೂತರು. ಪಾಯಸವನ್ನು ಎರಡು ಸಲ ಹಾಕಿಸಿಕೊಂಡರು. ಹೊರಡುವಾಗ ಸೊಸೆಯರು ಅವರ ಕೈಗೂ ತೆಂಗಿನಕಾಯಿ ಇಟ್ಟ ತಾಂಬೂಲದ ಚೀಲ ಕೊಟ್ಟರು. ಮತ್ತೆ ಅವರು ನಮ್ಮ ಕಡೆ ಬರಲಿಲ್ಲ.

ಎಲೆ ಅಡಿಕೆ ಇಟ್ಟರೆ ಮುಚ್ಚುವ ಮಾತಾಡುವಂತಿಲ್ಲ, ಇಡದಿದ್ದರೆ ಹಿರಿಯರು ಬರುವುದಿಲ್ಲ. ಇಷ್ಟು ಭದ್ರವಾದ ಕಾರ್ಮಿಕ ರಕ್ಷಣೆಯನ್ನು ನಾನು ಓದಿದ ಯಾವ ಪಠ್ಯದಲ್ಲೂ ಕಂಡಿರಲಿಲ್ಲ. ಅವತ್ತು ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದಾಗ ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನೂ ನಕ್ಕೆ. ಮನಸ್ಸು ಹಗುರಾಗಿತ್ತು.

ಬೇಸಿಗೆ ಬಂತು. ಒಂದು ಸಂಜೆ ಅಮ್ಮ ಕೆಲಸದಿಂದ ಬಂದು ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಾ ಕೂತಳು. ಮುಖವೆಲ್ಲ ಕೆಂಪಾಗಿತ್ತು.

"ನಮ್ ಶೆಡ್ಡಾಗೆ ಫ್ಯಾನು ಸುಟ್ಟೋಗೈತೆ. ಶೀಟಿನ ಕೆಳಗೆ ಕೂರಕ್ಕಾಗಲ್ಲ. ನಿಮ್ಮಾಫೀಸ್ನಾಗೆ ಒಂದು ಮಾತು ಯೋಳು," ಅಂದಳು.

"ಹೊಸ ಫ್ಯಾನ್ ತರ್ಬೇಕು ಅಂದ್ರೂ ಮೂವರೂ ಕೂತು ಒಪ್ಬೇಕಮ್ಮ. ಕೂರ್ಸೋಕೆ ನೋಡ್ಲಾ?"

ಅಮ್ಮನ ಕೈ ಕತ್ತಿನ ಮೇಲೇ ನಿಂತಿತು.

"ಬ್ಯಾಡ ಬಿಡು," ಅಂದಳು. "ಅವ್ರು ಕೂರೋದು ಬ್ಯಾಡ. ಕೂತ್ರೆ ಮುಚ್ಚೋ ಮಾತೂ ಎದ್ದೀತು. ಸೆಕೆ ತಡ್ಕೋತೀವಿ."