ಬೇಕೆಂದೇ ಬಿಟ್ಟ ತಪ್ಪು

ಮದ್ದೂರಿನ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಪಾಠದ ಸ್ಲೈಡುಗಳನ್ನು ನಾನೇ ಮಾಡಿ, ಬೇರೆ ಶಾಲೆಯವರಿಗೂ ಅನುಕೂಲವಾಗಲೆಂದು ನೆಟ್ಟಿಗೆ ಹಾಕುತ್ತೇನೆ. ಪ್ರತಿ ಪಾಠದಲ್ಲೂ ಬೇಕೆಂದೇ ಒಂದು ತಪ್ಪು ಬಿಟ್ಟಿರುತ್ತೇನೆ. ಅದನ್ನು ಹಿಡಿದವರು ನನ್ನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡು ಬೋರ್ಡಿನ ಮೇಲೆ ಸರಿಯಾದುದನ್ನು ಬರೆಯಬೇಕು. ಮಿಸ್ಸಿನ ತಪ್ಪು ಹಿಡಿಯುವುದೆಂದರೆ ಮಕ್ಕಳಿಗೆ ಎಲ್ಲಿಲ್ಲದ ಖುಷಿ. ಹಿಂದಿನ ಬೆಂಚಿನ ಕುಂಭಕರ್ಣರೂ ಎದ್ದು ಕೂರುತ್ತಾರೆ. ಈ ಆಟದ ವಿಷಯವನ್ನು ಮೊದಲ ಸ್ಲೈಡಿನಲ್ಲೇ ನನ್ನ ಹೆಸರಿನ ಕೆಳಗೆ ಬರೆದಿರುತ್ತೇನೆ.

ಹೋದ ತಿಂಗಳು ಮಳವಳ್ಳಿಗೆ, ತಂಗಿಯ ಮನೆಗೆ ಹೋಗಿದ್ದೆ. ಅವಳ ಮಗಳು "ಗಿಡಗಳು ರಾತ್ರಿ ಮಾತ್ರ ಉಸಿರಾಡುತ್ತವೆ" ಎಂದು ಉರು ಹೊಡೆಯುತ್ತಿದ್ದಳು.

"ಅಗಲೊತ್ತು ಉಸ್ರು ಕಟ್ಕೊಂಡ್ ನಿಂತಿರ್ತವೇನೇ?" ಎಂದೆ.

"ನಮ್ ಮಿಸ್ಸೇ ಯೋಳ್ಕೊಟ್ಟವ್ರೆ ಕಣ್ ದೊಡ್ಡಮ್ಮ. ನಿಂಗೊತ್ತಿಲ್ಲ ಬುಡು," ಎಂದು ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದಳು.

ಅದು ನನ್ನದೇ ಪಾಠ. ನಾನೇ ಬಿಡಿಸಿದ ಕಬ್ಬಿನ ಗರಿ, ನಾನೇ ಬಿಟ್ಟ ತಪ್ಪು. ಮೊದಲ ಸ್ಲೈಡು ಮಾತ್ರ ಇರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಕದ್ದರೆ ಕದಿಯಲಿ, ಒಂದು ಸಲ ಓದಿಯಾದರೂ ನೋಡಬಾರದೇ?

ನಂಬರು ಪಡೆದು ಆ ಟೀಚರಿಗೆ ಫೋನು ಮಾಡಿದೆ, ಜಗಳಕ್ಕೆ ಸೊಂಟ ಕಟ್ಟಿಕೊಂಡೇ. ಧ್ವನಿ ಕೇಳಿದರೆ ಇನ್ನೂ ಚಿಕ್ಕ ಹುಡುಗಿ, ಅತಿಥಿ ಶಿಕ್ಷಕಿ. ಓದಿದ್ದು ಕನ್ನಡ, ವಿಜ್ಞಾನಕ್ಕೆ ಯಾರೂ ಇಲ್ಲವೆಂದು ಅದೂ ಅವಳ ತಲೆಗೇ ಬಿದ್ದಿತ್ತು.

"ಟೀಚರ್‌ಗಳ ಗ್ರೂಪ್ನಲ್ಲಿ ಯಾರೋ ಹಾಕಿದ್ರು ಮೇಡಂ. ಹೆಸ್ರೇ ಇರ್ಲಿಲ್ಲ. ಇದ್ದಿದ್ರೆ ನಿಮ್ಮನ್ನೇ ಕೇಳ್ತಿದ್ದೆ," ಎಂದಳು. ಆಮೇಲೆ ಮೆಲ್ಲಗೆ, "ಈಗ ಮಕ್ಳಿಗೆ ಏನಂತ ಹೇಳ್ಲಿ?"

ಬೈಯಲು ಬಾಯಿ ಬರಲಿಲ್ಲ. "ನಡೆದದ್ದನ್ನೇ ಹೇಳಮ್ಮ," ಎಂದೆ. ಹೆಸರು ಕತ್ತರಿಸಿದವರು ಇನ್ಯಾರೋ, ಮಕ್ಕಳ ಮುಂದೆ ತಲೆ ತಗ್ಗಿಸಬೇಕಾದವಳು ಇವಳು. ಹೆಸರು ಹಾಕಿಕೊಳ್ಳುವುದು ನನ್ನ ಜಂಬವಿರಬಹುದೆಂದು ಎಷ್ಟೋ ಸಲ ಅನಿಸಿತ್ತು. ಅನುಮಾನ ಬಂದವರು ಯಾರನ್ನು ಕೇಳಬೇಕೆಂಬುದೂ ಅದರಲ್ಲೇ ಇತ್ತಲ್ಲ, ಅದು ಹೊಳೆದಿರಲಿಲ್ಲ.

ಮುಂದಿನ ಪಾಠ ಮಾಡುವಾಗ ತಪ್ಪು ಬಿಡಲು ಕೈ ಬರಲಿಲ್ಲ. ಇದು ಹರಿದಾಡಿ ಇನ್ಯಾವ ಊರಿನ ಮಗುವಿಗೆ ಬಾಯಿಪಾಠವಾಗುತ್ತದೋ ಎಂಬ ಹೆದರಿಕೆ. ತರಗತಿಯಲ್ಲಿ ಮಕ್ಕಳು ಪೀರಿಯಡ್ಡು ಪೂರ್ತಿ ಹುಡುಕಿದರು. ತಪ್ಪಿಲ್ಲ ಎಂದರೂ ನಂಬಲಿಲ್ಲ. ಗಂಟೆ ಹೊಡೆದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

"ಯಾಕ್ ಮಿಸ್, ನಮ್ ಕೈಲಿ ಕಂಡಿಡಿಯಕ್ಕಾಗಲ್ಲ ಅಂತ ಆಟನೇ ಬುಟ್ಬುಟ್ರಾ?"

ಸೀಮೆಸುಣ್ಣ ನನ್ನ ಕೈಯಲ್ಲೇ ಉಳಿದಿತ್ತು.