ಸೂಜಿ ಹಿಡಿದ ಹೆಬ್ಬೆರಳು

ಮೊದಲ ಬಸ್ಸು ಹೊರಡಲು ಇನ್ನೂ ಅರ್ಧ ಗಂಟೆಯಿದೆ. ಮೂರನೇ ಮಹಡಿಯ ಕಿರುಕೋಣೆಯಲ್ಲಿ ಸೂಜಿ ತಾತ ಹಳೆಯ ಕ್ಯಾಮೆರಾವೊಂದನ್ನು ಕಿವಿಗೆ ಒತ್ತಿಕೊಂಡು ಕೂತಿದ್ದಾರೆ. ಗುಂಡಿ ಒತ್ತುತ್ತಾರೆ. ಒಳಗೆ ಚಿರ್ರೆಂದು ಏನೋ ಸುತ್ತಿ ಟಕ್ಕೆಂದು ನಿಲ್ಲುತ್ತದೆ. ತಲೆಯಾಡಿಸಿ ಮತ್ತೆ ಒತ್ತುತ್ತಾರೆ. ಬೀದಿಯಲ್ಲಿ ಸದ್ದು ಶುರುವಾದರೆ ಈ ಕೆಲಸ ಆಗುವುದಿಲ್ಲ.

"ಶಟರು ಒಂದು ಸೆಕೆಂಡ್ ತೆರೆದಿರುತ್ತೆ ಅಂತ ಮೇಲೆ ಬರೆದಿರುತ್ತೆ. ಗ್ರೀಸ್ ಒಣಗಿದ್ರೆ ಒಳಗೆ ಒಂದೂವರೆ ಆಗಿರುತ್ತೆ. ಮದುವೆ ಫೋಟೊದವರಿಗೆ ಅದು ನಡೆಯುತ್ತೆ, ಹೂವಿನ ಕೇಸರ ತೆಗೆಯೋರಿಗೆ ನಡೆಯಲ್ಲ," ಎನ್ನುತ್ತಾರೆ.

ರೀಲು ಹಾಕುವ ಹಳೆಯ ಕ್ಯಾಮೆರಾಗಳಲ್ಲಿ, ತೀರಾ ಸಣ್ಣ ವಸ್ತುಗಳನ್ನು ಗೇಣಿನಷ್ಟು ಹತ್ತಿರದಿಂದ ತೆಗೆಯಲು ಯಾವುದನ್ನು ನಂಬಬಹುದೆಂದು ಆರಿಸಿಕೊಡುವುದು ಇವರ ಕಸುಬು. ನಲವತ್ತೊಂದು ವರ್ಷದಿಂದ ಇದೇ. ಹತ್ತು ಕ್ಯಾಮೆರಾ ಬಂದರೆ ಎಂಟನ್ನು ವಾಪಸ್ ಕಳಿಸುತ್ತಾರೆ. ಮೇಲೆ ಥಳಕು, ಒಳಗೆ ಹುಳುಕು ಎಂಬ ಮಾತನ್ನು ಇವರಷ್ಟು ಸಲ ಕಣ್ಣಾರೆ ಕಂಡವರು ಕಡಿಮೆ. ಲೆನ್ಸಿನೊಳಗೆ ಬೂಷ್ಟು, ಗುಂಡಿ ಒತ್ತಿದಾಗ ಕ್ಯಾಮೆರಾವನ್ನೇ ಅಲುಗಿಸುವ ಒಳಗಿನ ಕನ್ನಡಿ, ರೀಲು ಹಾಕುವ ಹಿಂಬಾಗಿಲಿನ ಸಂದಿ, ಒಂದೊಂದನ್ನೂ ನೋಡುತ್ತಾರೆ. ಕೊನೆಗೆ ಒಂದಿಡೀ ರೀಲು ಹಾಕಿ, ಮೂವತ್ತಾರು ಸಲ ಒಂದು ಸೂಜಿಯ ಕಣ್ಣಿನದೇ ಫೋಟೊ ತೆಗೆಯುತ್ತಾರೆ. ಹೆಸರು ಬಂದದ್ದು ಹಾಗೆ.

ಆ ಸೂಜಿಯನ್ನು ಹಿಡಿಯುತ್ತಿದ್ದವರು ಹೆಂಡತಿ. "ಬೆರಳು ತೆಗಿಯೇ, ಫೋಟೊದಲ್ಲಿ ಬೀಳ್ತಿದೆ" ಎಂದು ಇವರು ಗದರುವುದು, "ಸೂಜಿ ಏನು ಗಾಳೀಲಿ ನಿಲ್ಲುತ್ತೇನ್ರೀ?" ಎಂದು ಆಕೆ ಕೇಳುವುದು. ಬಿಸ್ಕತ್ತಿನ ಡಬ್ಬಿಯಲ್ಲಿ ಹಳೆಯ ನೆಗೆಟಿವ್‌ಗಳಿವೆ. ಮೊದಮೊದಲು ನುಣುಪಾದ ಹೆಬ್ಬೆರಳು, ಆಮೇಲೆ ಈಳಿಗೆ ತಾಗಿದ ಗಾಯದ ಗುರುತು, ಆಮೇಲೆ ಸುಕ್ಕು. ಐದು ವರ್ಷದ ಹಿಂದೆ ಆಕೆ ತೀರಿಕೊಂಡರು. ಗೋಡೆಗೆ ತೂಗುಹಾಕಲು ಒಂದು ಫೋಟೊ ಹುಡುಕಿದರೆ ಸಿಗಲಿಲ್ಲ. ದೀಪದ ಬುಡದಲ್ಲೇ ಕತ್ತಲು. "ಮನೆ ತುಂಬ ಕ್ಯಾಮೆರಾ, ಅವಳ ಮುಖದ್ದೊಂದು ಫೋಟೊ ಇಲ್ಲ ನೋಡಿ," ಎನ್ನುತ್ತಾರೆ ತಾತ. ಈಗ ಸೂಜಿಯನ್ನು ಬಟ್ಟೆಯ ಕ್ಲಿಪ್ಪು ಹಿಡಿಯುತ್ತದೆ. ಕ್ಲಿಪ್ಪು ಎದುರು ಮಾತಾಡುವುದಿಲ್ಲ. ಕೆಲವು ದಿನ ಸಂಜೆಯವರೆಗೂ ಕೋಣೆಯಲ್ಲಿ ಕೇಳುವುದು ಶಟರಿನ ಸದ್ದು ಮಾತ್ರ.

ಆಕೆಗೆ ಇನ್ನೊಂದು ಕೆಲಸವಿತ್ತು. ಹತ್ತಿರದ ಫೋಟೊ ತೆಗೆಯಲು ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಹಾರ್ಮೋನಿಯಂನದರಂಥ ಮಡಿಕೆಯ ಕಪ್ಪು ತಿದಿಯೊಂದನ್ನು ಸೇರಿಸುತ್ತಾರೆ. ಕತ್ತಲಲ್ಲಿ ಇವರು ಅದರೊಳಗೆ ಟಾರ್ಚು ಹಿಡಿದು ತಿರುಗಿಸಿದರೆ, ಆಕೆ ಮಡಿಕೆ ಮಡಿಕೆಯಲ್ಲೂ ತೂತು ಹುಡುಕುತ್ತಿದ್ದರು. ಆಕೆ ಹೋದ ಮೇಲೆ ಬಂದ ಮೊದಲ ಗಿರಾಕಿ ಶಾಲೆಯೊಂದರ ಟೀಚರಮ್ಮ. ತಾತ ಒಬ್ಬರೇ ತಿದಿ ನೋಡಿದರು, ಮೇಜಿನ ದೀಪದಲ್ಲಿ ಸೂಜಿಯ ಫೋಟೊ ತೆಗೆದರು, ಸರಿಯಿದೆ ಎಂದು ಕೊಟ್ಟರು. ಟೀಚರು ಕಾಂಪೌಂಡು ಗೋಡೆಯ ಬಿರುಕಿನಲ್ಲಿ ಬಿಟ್ಟಿದ್ದ, ಸಾಸಿವೆಗಿಂತ ಸಣ್ಣ ಹೂವನ್ನು ಬಿಸಿಲಲ್ಲಿ ತೆಗೆದರು. ದೀಪದಲ್ಲಿ ಗೊತ್ತಾಗದ ತೂತಿನಿಂದ ಬಿಸಿಲು ನುಗ್ಗಿ, ಮೂವತ್ತಾರರಲ್ಲೂ ಅಡ್ಡಕ್ಕೆ ಬೆಳಕಿನ ಗೆರೆ. ಅದು ಗೊತ್ತಾಗುವಷ್ಟರಲ್ಲಿ ಗೋಡೆಗೆ ಸಿಮೆಂಟು ಮೆತ್ತಿದ್ದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದಂತೆ. ಇವರ ಮಾನ ಹೋದದ್ದು ಸೂಜಿಮೊನೆಯಷ್ಟು ತೂತಿನಲ್ಲಿ.

"ಬೈದಿದ್ರೆ ಚೆನ್ನಾಗಿತ್ತು. ಅವರು ಏನೂ ಅನ್ನಲಿಲ್ಲ," ಎನ್ನುತ್ತಾರೆ ತಾತ.

ಅದೇ ಟೀಚರು ಇವತ್ತು ಮತ್ತೆ ಬರುತ್ತಿದ್ದಾರೆ. ಅದೇ ಜಾತಿಯ ಹೂ ಈಗ ಶಾಲೆಯ ಹಿಂದಿನ ಮೆಟ್ಟಿಲಲ್ಲಿ ಕಂಡಿದೆಯಂತೆ, ಒಂದು ವಾರ ಇದ್ದರೆ ಹೆಚ್ಚು. ಬೆಳಗಿನಿಂದ ತಾತ ಕಿವಿಗೆ ಒತ್ತಿಕೊಂಡಿರುವ ಕ್ಯಾಮೆರಾ ಟೀಚರದೇ. "ಇದೂ ಕೈಕೊಟ್ರೆ ಬಾಗಿಲು ಹಾಕಿಬಿಡ್ತೀನಿ," ಎಂದು ನಿರ್ಧರಿಸಿದ್ದಾರೆ.

ಎಂಟಕ್ಕೆ ಟೀಚರು ಬರುತ್ತಾರೆ. ಕಿಟಕಿ ಮುಚ್ಚಿ, ತಾತ ಟಾರ್ಚು ತಿರುಗಿಸುತ್ತಾರೆ, ಟೀಚರು ಬಗ್ಗಿ ನೋಡುತ್ತಾರೆ. ಎರಡು ಸುತ್ತು ನೋಡಿದರೂ ತೂತಿಲ್ಲ. ಕಿಟಕಿ ತೆರೆದು, ತಿದಿಗೆ ಬಿಸಿಲು ನೇರ ಬೀಳುವಂತೆ ಕ್ಯಾಮೆರಾವನ್ನು ಅಲ್ಲಿ ತಂದಿಟ್ಟು ತಾತ ಕ್ಲಿಪ್ಪು ಹುಡುಕುತ್ತಾರೆ.

"ಕ್ಲಿಪ್ಪು ಯಾಕೆ? ನಾನೇ ಹಿಡೀತೀನಿ ಕೊಡಿ," ಎಂದು ಟೀಚರು ಕೈಚಾಚುತ್ತಾರೆ.

ತಾತ ಸೂಜಿ ಕೊಡಲು ಸ್ವಲ್ಪ ತಡಮಾಡುತ್ತಾರೆ. ಆಮೇಲೆ ಕೊಡುತ್ತಾರೆ. ಮೂವತ್ತಾರೂ ಮುಗಿಯುವವರೆಗೆ ಒಂದು ಮಾತೂ ಆಡುವುದಿಲ್ಲ.

ಬಚ್ಚಲುಮನೆಯ ಕತ್ತಲಲ್ಲಿ ರೀಲು ತೊಳೆದು ಹೊರಬರಲು ಒಂದು ಗಂಟೆ ಹಿಡಿಯುತ್ತದೆ. ಒದ್ದೆ ಪಟ್ಟಿಯನ್ನು ಕಿಟಕಿಗೆ ಹಿಡಿದು ಭೂತಗನ್ನಡಿಯಲ್ಲಿ ಮೊದಲಿನಿಂದ ಕೊನೆಯವರೆಗೆ ನೋಡುತ್ತಾರೆ. ಬೆಳಕಿನ ಗೆರೆ ಎಲ್ಲೂ ಇಲ್ಲ. ಸೂಜಿಯ ಕಣ್ಣಿನ ಅಂಚು ಸವೆದಿರುವುದೂ ಕಾಣುತ್ತದೆ. ಭೂತಗನ್ನಡಿಯನ್ನು ಟೀಚರಿಗೆ ಕೊಡುತ್ತಾರೆ.

"ಎಲ್ಲದರಲ್ಲೂ ನನ್ನ ಹೆಬ್ಬೆರಳು ಬಂದಿದೆಯಲ್ಲ ಯಜಮಾನ್ರೇ. ತೆಗೀರಿ ಅಂತ ಒಂದು ಮಾತು ಹೇಳಬಾರದಿತ್ತಾ?"

ತಾತ ಪಟ್ಟಿಯನ್ನು ಒಣಗಲು ತೂಗುಹಾಕಿ ಕೈ ಒರೆಸಿಕೊಳ್ಳುತ್ತಾರೆ.

"ಇರಲಿ ಬಿಡಿ ಮೇಡಂ. ಬೆರಳಿದ್ರೇನೇ ಸೂಜಿ ಎಷ್ಟು ಸಣ್ಣದು ಅಂತ ಗೊತ್ತಾಗೋದು. ನನಗದು ತಡವಾಗಿ ತಿಳೀತು."