ಡೀನ್‌ಗೆ ಸವಿತಕ್ಕ ಕೇಳಿದ ಪ್ರಶ್ನೆ

ಗೆಳೆಯರೇ, ಅಮೆರಿಕದ ನೇಪರ್‌ವಿಲ್‌ನ ನಮ್ಮ ಪಕ್ಕದ ಮನೆಯ ಸವಿತಕ್ಕ ಇವತ್ತು ಡೀನ್ ಒಬ್ಬರ ಬಾಯಿ ಮುಚ್ಚಿಸಿ ಬಂದಿದ್ದಾರೆ. ಅವರ ಮಗಳು ಮೇಘಾ ಯೂನಿವರ್ಸಿಟಿಯ ವಾಲಿಬಾಲ್ ತಂಡದಲ್ಲಿದ್ದಾಳೆ. ಕ್ರೀಡಾ ತಂಡಗಳನ್ನೆಲ್ಲ ಮೇಲಿನ ದರ್ಜೆಯಿಂದ ಕೆಳಗಿನ ದರ್ಜೆಗೆ ಇಳಿಸುವ ಯೋಚನೆ ಆ ಯೂನಿವರ್ಸಿಟಿಯದು. ಹಾಗಾದರೆ ಮೇಘಾಳ ತಂಡಕ್ಕೆ ದೊಡ್ಡ ಪಂದ್ಯಗಳು ಸಿಗುವುದಿಲ್ಲ. ಅದನ್ನು ಚರ್ಚಿಸಲು ಪಾಲಕರನ್ನು ಕರೆದಿದ್ದರು. ಡ್ರೈವ್ ಮಾಡಿದ್ದು ನಾನು.

ಹುಬ್ಬಳ್ಳಿಯ ಸವಿತಕ್ಕನಿಗೆ ವಾಲಿಬಾಲ್ ಎಂದರೆ ಆಗದು. ಮಗಳ ಒಂದು ಪಂದ್ಯಕ್ಕೂ ಹೋದವರಲ್ಲ. ದಾರಿಯುದ್ದಕ್ಕೂ, "ಇಳಸ್ಲಿ ಬಿಡ್ರಿ, ಓದ್ಲಿಕ್ಕೆ ಟೈಮ್ ಸಿಗ್ತದ" ಎನ್ನುತ್ತಿದ್ದರು.

ಸಭೆಯಲ್ಲಿ ಡೀನ್ ನಗುನಗುತ್ತಲೇ, "ನಿಜ ಹೇಳಬೇಕೆಂದರೆ, ನಮ್ಮ ಹುಡುಗಿಯರು ಆ ಮಟ್ಟದವರಲ್ಲ" ಎಂದರು. ತಂಡದವರ ಜೊತೆ ಕೂತಿದ್ದ ಮೇಘಾ ತಲೆ ತಗ್ಗಿಸಿದಳು. ಅದನ್ನು ನೋಡಿದ ಸವಿತಕ್ಕ ಎದ್ದು ಹೋಗಿ ಮೈಕ್ ಹಿಡಿದು, ತಮ್ಮ ಇಂಗ್ಲಿಷಿನಲ್ಲೇ ಕೇಳಿದರು: "ನೀವು ಇವರ ಆಟ ಎಷ್ಟು ಸಲ ನೋಡಿದ್ದೀರಿ?"

ಡೀನ್ ತಡವರಿಸಿ, ಒಮ್ಮೆಯೂ ನೋಡಿಲ್ಲವೆಂದು ಒಪ್ಪಿಕೊಂಡರು. ಪಾಲಕರು ಚಪ್ಪಾಳೆ ತಟ್ಟಿದರು. ಯೂನಿವರ್ಸಿಟಿಯವರು ತೀರ್ಮಾನವನ್ನು ಮುಂದಕ್ಕೆ ಹಾಕಿದರು.

ಪಾರ್ಕಿಂಗ್ ಲಾಟ್‌ನಲ್ಲಿ ಮೇಘಾ ತಾಯಿಯನ್ನು ತಬ್ಬಿಕೊಂಡು, "ಬಟ್ ಅಮ್ಮಾ, ನೀನೂ ಒಂದೂ ಗೇಮ್ ನೋಡಿಲ್ಲ!" ಎಂದಳು.

"ನಾ ತಾಯಿ ಅದೀನಿ, ನೋಡ್ಲಿಲ್ಲಂದ್ರೂ ನಡೀತದ. ಅಂವ ಡೀನ್. ಅಂವಗ ನಡ್ಯಂಗಿಲ್ಲ."

ಶನಿವಾರ ಪಂದ್ಯವಿದೆ. ಡೀನ್ ಬರುತ್ತಾರಂತೆ. ಸವಿತಕ್ಕ ಇನ್ನೂ ಯೋಚಿಸುತ್ತಿದ್ದಾರೆ.